ಪಕ್ಕವಾದ್ಯ ಮುಂದೆ ಬಂದಾಗ

ಕರ್ನಾಟಕ ಸಂಗೀತದ ಕಛೇರಿಯಲ್ಲಿ ಪಕ್ಕವಾದ್ಯದವರಿಗೆಂದೇ ಒಂದಿಷ್ಟು ಹೊತ್ತು ಮೀಸಲಿದೆ. ಮುಖ್ಯ ಕೃತಿ ಒಂದು ಹಂತಕ್ಕೆ ಬಂದಾಗ ಗಾಯಕರು ಹಾಡು ನಿಲ್ಲಿಸಿ ತಾಳ ಹಾಕುತ್ತ ಕೂರುತ್ತಾರೆ. ಮೃದಂಗ, ಘಟ, ಖಂಜಿರಗಳು ಮಾತಿಗೆ ತೊಡಗುತ್ತವೆ. ಅದು ತನಿ ಆವರ್ತನ. ಸಭೆಯಲ್ಲಿ ಕೆಲವರು ಸರಿಯಾಗಿ ಆ ಹೊತ್ತಿಗೇ ಕಾಫಿಗೆ ಎದ್ದುಹೋಗುವುದೂ ಸಂಪ್ರದಾಯದಷ್ಟೇ ಗಟ್ಟಿಯಾಗಿದೆ, ಆ ಮಾತು ಬೇರೆ.

ಜಾಝ್ ತಂಡ, ರಾಕ್ ಬ್ಯಾಂಡ್, ಸಿನಿಮಾ ಆರ್ಕೆಸ್ಟ್ರಾಗಳಲ್ಲೂ ಒಬ್ಬೊಬ್ಬರಿಗೆ ಜಾಗ ಸಿಗುತ್ತದೆ. ಜಾಝ್‌ನಲ್ಲಿ ಸರದಿಯ ಮೇಲೆ ಸೋಲೋ, ರಾಕ್ ಹಾಡಿನಲ್ಲಿ ಗಿಟಾರಿಗೆ ಎಂಟೋ ಹದಿನಾರೋ ಬಾರ್ (ತಾಳದ ಅಳತೆ), ಸಿನಿಮಾ ಹಾಡಿನಲ್ಲಿ ಪಲ್ಲವಿಗೂ ಚರಣಕ್ಕೂ ನಡುವೆ ಒಂದು ಬಿಟ್. ಬಹುಪಾಲು ವಾದಕರು ಆ ಜಾಗವನ್ನು ಅಚ್ಚುಕಟ್ಟಾಗಿ ತುಂಬಿ ಸಂಬಳ ಎಣಿಸಿಕೊಂಡು ಮನೆಗೆ ಹೋಗುತ್ತಾರೆ. ಆದರೆ ಎಲ್ಲೋ ಒಮ್ಮೆ, ತಂಡದ ಹಿಂದಿನ ಸಾಲಿನಲ್ಲಿದ್ದ ಒಬ್ಬರು ನುಡಿಸಿದ್ದು ಆ ಧ್ವನಿಮುದ್ರಣದ ಗುರುತೇ ಆಗಿಬಿಡುತ್ತದೆ. ಹಾಡು ಬರೆದವರು ಬೇರೆ, ತಟ್ಟೆಯ ಮೇಲಿನ ಹೆಸರು ಬೇರೆ, ಕೇಳುಗರ ಕಿವಿಯಲ್ಲಿ ಉಳಿಯುವವರು ಮತ್ತೊಬ್ಬರು.

ಈ ಲೇಖನ ಅಂಥ ಕೆಲವು ಪ್ರದರ್ಶನಗಳ ಕುರಿತದ್ದು. ತಮ್ಮದೇ ಬ್ಯಾಂಡಿನಲ್ಲಿ ತಮ್ಮದೇ ಹೆಸರಿನಲ್ಲಿ ಮೆರೆದ ಜಿಮಿ ಹೆಂಡ್ರಿಕ್ಸ್‌ನಂಥವರನ್ನು ಇಲ್ಲಿ ಸೇರಿಸಿಲ್ಲ. ಅವರಿಗೆ ಸಲ್ಲಬೇಕಾದ್ದು ಸಂದಿದೆ. ವೇಗವನ್ನೋ ಕಷ್ಟವನ್ನೋ ಅಳತೆಗೋಲಾಗಿ ಇಟ್ಟುಕೊಂಡಿಲ್ಲ. ಆ ಒಬ್ಬರನ್ನು ತೆಗೆದುಬಿಟ್ಟರೆ ಧ್ವನಿಮುದ್ರಣದಲ್ಲಿ ಏನು ಉಳಿಯುತ್ತದೆ ಎಂಬುದೊಂದೇ ಇಲ್ಲಿನ ಪರೀಕ್ಷೆ.

## ನ್ಯೂಪೋರ್ಟಿನಲ್ಲಿ 27 ಸುತ್ತು

1956ರ ಜುಲೈ 7, ಶನಿವಾರ ರಾತ್ರಿ. ಅಮೆರಿಕದ ರೋಡ್ ಐಲೆಂಡ್ ರಾಜ್ಯದ ನ್ಯೂಪೋರ್ಟ್ ಪಟ್ಟಣದಲ್ಲಿ, ಫ್ರೀಬಾಡಿ ಪಾರ್ಕ್ ಮೈದಾನದಲ್ಲಿ ಜಾಝ್ ಉತ್ಸವ ನಡೆಯುತ್ತಿತ್ತು. ಡ್ಯೂಕ್ ಎಲಿಂಗ್ಟನ್ ಅವರಿಗೆ ಆಗ ಕಾಲ ಕೂಡಿಬಂದಿರಲಿಲ್ಲ. ದೊಡ್ಡ ಬ್ಯಾಂಡುಗಳ ಯುಗ ಎರಡನೆಯ ಮಹಾಯುದ್ಧದೊಂದಿಗೇ ಇಳಿಮುಖವಾಗಿತ್ತು. ಅಷ್ಟೊಂದು ವಾದಕರಿಗೆ ವರ್ಷವಿಡೀ ಸಂಬಳ ಕೊಡಲು ಎಲಿಂಗ್ಟನ್ ತಮ್ಮ ಹಳೆಯ ಹಾಡುಗಳ ರಾಯಧನವನ್ನೇ ಸುರಿಯುತ್ತಿದ್ದರು. ಆ ರಾತ್ರಿಯ ಮೊದಲ ಸರದಿಯಲ್ಲಿ ವೇದಿಕೆ ಹತ್ತಿದಾಗ ತಂಡದ ಕೆಲವರು ಬಂದೇ ಇರಲಿಲ್ಲ. ಎರಡನೆಯ ಸರದಿ ಬರುವಷ್ಟರಲ್ಲಿ ಮಧ್ಯರಾತ್ರಿ ಸಮೀಪಿಸಿತ್ತು. ಉತ್ಸವಕ್ಕೆಂದೇ ಬರೆದ ಹೊಸ ಕೃತಿಗೆ ಬಂದ ಚಪ್ಪಾಳೆ ಮರ್ಯಾದೆಯದಷ್ಟೇ.

ಆಮೇಲೆ ಎಲಿಂಗ್ಟನ್ 1937ರ ಹಳೆಯ ಜೋಡಿ ಕೃತಿಯೊಂದನ್ನು ಘೋಷಿಸಿದರು: 'ಡಿಮಿನ್ಯುಯೆಂಡೊ ಅಂಡ್ ಕ್ರೆಶೆಂಡೊ ಇನ್ ಬ್ಲೂ'. ಮೊದಲ ಭಾಗ ಅಬ್ಬರದಿಂದ ಆರಂಭವಾಗಿ ಇಳಿಯುತ್ತ ಹೋಗುತ್ತದೆ, ಎರಡನೆಯದು ಮೆಲ್ಲಗೆ ಆರಂಭವಾಗಿ ಏರುತ್ತದೆ. ಮೂಲದಲ್ಲಿ ಇವೆರಡೂ ಗ್ರಾಮಾಫೋನ್ ತಟ್ಟೆಯ ಎರಡು ಮುಖಗಳು. ನಡುವೆ ತಟ್ಟೆ ಮಗುಚಿ ಹಾಕುವಷ್ಟು ಬಿಡುವು. ವೇದಿಕೆಯ ಮೇಲೆ ಆ ಬಿಡುವನ್ನು ತುಂಬುವ ಕೆಲಸ ಟೆನರ್ ಸ್ಯಾಕ್ಸೊಫೋನ್ ನುಡಿಸುವ ಪಾಲ್ ಗೊನ್ಸಾಲ್ವೆಸ್ ಅವರದು. ಎಷ್ಟು ಸುತ್ತು ನುಡಿಸಬೇಕೆಂದು ಎಲ್ಲೂ ಬರೆದಿರಲಿಲ್ಲ.

ಬ್ಲೂಸ್‌ನ ಒಂದು ಸುತ್ತಿಗೆ 12 ಬಾರ್. ಜಾಝ್‌ನವರು ಇದನ್ನು ಕೋರಸ್ ಎನ್ನುತ್ತಾರೆ. ನಮ್ಮ ಆವರ್ತಕ್ಕೆ ಹತ್ತಿರದ ಲೆಕ್ಕ. ಗೊನ್ಸಾಲ್ವೆಸ್ ಆ ರಾತ್ರಿ 27 ಕೋರಸ್ ನುಡಿಸಿದರು. ಅಂದರೆ 324 ಬಾರ್, ಸುಮಾರು ಆರು ನಿಮಿಷ, ಒಂದೇ ಸಮನೆ. ಹಿಂದೆ ಡ್ರಮ್ಸ್‌ನಲ್ಲಿ ಸ್ಯಾಮ್ ವುಡ್‌ಯಾರ್ಡ್, ಬಾಸ್‌ನಲ್ಲಿ ಜಿಮ್ಮಿ ವುಡ್, ಪಿಯಾನೊದಲ್ಲಿ ಸ್ವತಃ ಎಲಿಂಗ್ಟನ್. ವೇದಿಕೆಯ ಅಂಚಿನಲ್ಲಿ ಕೂತಿದ್ದ ಮತ್ತೊಬ್ಬ ಮಹಾ ಡ್ರಮ್ಮರ್ ಜೋ ಜೋನ್ಸ್, ಸುರುಳಿ ಸುತ್ತಿದ ಪತ್ರಿಕೆಯಿಂದ ಹಲಗೆ ಬಡಿಯುತ್ತ ತಂಡವನ್ನು ಹುರಿದುಂಬಿಸುತ್ತಿದ್ದರು. ಏಳನೆಯ ಸುತ್ತಿನ ಹೊತ್ತಿಗೆ ಕಪ್ಪು ಉಡುಪಿನ ಹೆಂಗಸೊಬ್ಬರು ಕುರ್ಚಿಗಳ ನಡುವೆ ಎದ್ದು ಕುಣಿಯತೊಡಗಿದರು. ಅವರ ಹಿಂದೆ ಮೈದಾನವೇ ಎದ್ದಿತು. ಸಾವಿರಾರು ಜನರ ಗುಂಪು ಎಲ್ಲಿ ಕೈಮೀರುತ್ತದೋ ಎಂದು ಹೆದರಿ ಸಂಘಟಕ ಜಾರ್ಜ್ ವೀನ್ ಸಾಕುಮಾಡಿ ಎಂದು ಸನ್ನೆ ಮಾಡಿದರು. ಎಲಿಂಗ್ಟನ್ ಕಿವಿಗೆ ಹಾಕಿಕೊಳ್ಳಲಿಲ್ಲ.

ಈ ಸೋಲೋವನ್ನು ಬಿಡಿಬಿಡಿಯಾಗಿ ತೆಗೆದು ನೋಡಿದರೆ ಅದರಲ್ಲಿ ಅದ್ಭುತ ಸ್ವರಕಲ್ಪನೆಯೇನೂ ಕಾಣುವುದಿಲ್ಲ. ಗೊನ್ಸಾಲ್ವೆಸ್ ಇದಕ್ಕಿಂತ ಸೂಕ್ಷ್ಮವಾಗಿ, ವಿಶೇಷವಾಗಿ ನಿಧಾನಗತಿಯ ಹಾಡುಗಳಲ್ಲಿ, ಎಷ್ಟೋ ಸಲ ನುಡಿಸಿದ್ದಾರೆ. ಇಲ್ಲಿ ಅವರು ಮಾಡಿದ್ದು ಬೇರೆ ಕೆಲಸ. ಪ್ರತಿ ಸುತ್ತಿನ ಕೊನೆಯಲ್ಲೂ ಇನ್ನೊಂದು ಸುತ್ತಿಗೆ ದಾರಿ ತೆರೆದಿಟ್ಟರು, ಲಯ ಸಡಿಲಾಗಲು ಬಿಡಲಿಲ್ಲ, ತಾರಕಕ್ಕೆ ಹಾರಿ ಚಪ್ಪಾಳೆ ಗಿಟ್ಟಿಸುವ ಸುಲಭದ ದಾರಿಗೆ ಬೇಗ ಹೋಗಲಿಲ್ಲ. ಕೇಳುತ್ತ ಹೋದಂತೆ ಗಮನ ಸ್ವರಗಳಿಂದ ಜಾರಿ ಡ್ರಮ್ಸ್, ಬಾಸ್, ಜನರ ಕೂಗು ಎಲ್ಲದರ ಒಟ್ಟು ನಡಿಗೆಯ ಮೇಲೆ ಬೀಳುತ್ತದೆ. ಒಬ್ಬರ ಸೋಲೋ ಇಡೀ ತಂಡವನ್ನು ನುಡಿಸಿದ ಉದಾಹರಣೆ ಇದು.

ಧ್ವನಿಮುದ್ರಣದ ಕಥೆಯೂ ಸ್ವಾರಸ್ಯಕರ. ವೇದಿಕೆಯ ಮೇಲೆ ಕೊಲಂಬಿಯಾ ಕಂಪನಿಯ ಮೈಕು ಒಂದು, ವಾಯ್ಸ್ ಆಫ್ ಅಮೆರಿಕ ರೇಡಿಯೋದ ಮೈಕು ಇನ್ನೊಂದು. ಗೊನ್ಸಾಲ್ವೆಸ್ ನುಡಿಸಿದ್ದು ರೇಡಿಯೋದವರ ಮೈಕಿನ ಮುಂದೆ. ಹಾಗಾಗಿ ಕೊಲಂಬಿಯಾ ಹೊರತಂದ 'ಎಲಿಂಗ್ಟನ್ ಅಟ್ ನ್ಯೂಪೋರ್ಟ್' ತಟ್ಟೆಯಲ್ಲಿ ಆ ಪ್ರಸಿದ್ಧ ಸ್ಯಾಕ್ಸೊಫೋನ್ ಎಲ್ಲೋ ದೂರದಿಂದ ಬಂದಂತೆ ಕೇಳುತ್ತಿತ್ತು. ಇನ್ನೂ ಒಂದು ಗುಟ್ಟಿತ್ತು: ಆ ತಟ್ಟೆಯಲ್ಲಿದ್ದ ಹೊಸ ಕೃತಿಯ ಹೆಚ್ಚಿನ ಭಾಗವನ್ನು ಎರಡು ದಿನ ಕಳೆದು ಸ್ಟುಡಿಯೋದಲ್ಲಿ ಮತ್ತೆ ನುಡಿಸಿ, ಚಪ್ಪಾಳೆ ಬೆರೆಸಿ ಕೂಡಿಸಲಾಗಿತ್ತು. ಗೊನ್ಸಾಲ್ವೆಸ್ ಅವರ ಸೋಲೋ ಮಾತ್ರ ಅಸಲಿ. 1990ರ ದಶಕದಲ್ಲಿ ರೇಡಿಯೋದ ಟೇಪು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಸಿಕ್ಕಿತು. ಎರಡು ಟೇಪುಗಳನ್ನು ಎಡ–ಬಲವಾಗಿ ಹೊಂದಿಸಿ 1999ರಲ್ಲಿ ಹೊರತಂದ ಆವೃತ್ತಿಯಲ್ಲಿ ಸ್ಯಾಕ್ಸೊಫೋನ್ ಕೊನೆಗೂ ಹತ್ತಿರ ಬಂತು.

ಅದೇ 1956ರ ಆಗಸ್ಟ್‌ನಲ್ಲಿ ಎಲಿಂಗ್ಟನ್ 'ಟೈಮ್' ಪತ್ರಿಕೆಯ ಮುಖಪುಟಕ್ಕೆ ಬಂದರು. ತಾವು ಹುಟ್ಟಿದ್ದೇ 1956ರಲ್ಲಿ, ನ್ಯೂಪೋರ್ಟಿನಲ್ಲಿ ಎಂದು ಆಮೇಲೆ ಹೇಳಿಕೊಳ್ಳುತ್ತಿದ್ದರು. ಗೊನ್ಸಾಲ್ವೆಸ್ ಕೊನೆಯವರೆಗೂ ಆ ತಂಡದಲ್ಲೇ ಉಳಿದರು. 1974ರ ಮೇ 15ರಂದು ಅವರು ತೀರಿಕೊಂಡರು. ಎಲಿಂಗ್ಟನ್ ಹೋದದ್ದು ಅದೇ ತಿಂಗಳ 24ರಂದು.

## ಮೂರು ನಿಮಿಷದ ತಟ್ಟೆ

ನ್ಯೂಪೋರ್ಟ್ ವೇದಿಕೆಯಲ್ಲಿ ಸಮಯಕ್ಕೆ ಬರವಿರಲಿಲ್ಲ. ಅದಕ್ಕೂ ಹಿಂದಿನವರ ಪಾಡು ಬೇರೆ. 78 ಸುತ್ತಿನ 10 ಇಂಚಿನ ತಟ್ಟೆಯ ಒಂದು ಮುಖದಲ್ಲಿ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷ. ಅಷ್ಟರಲ್ಲಿ ಹಾಡೂ ಮುಗಿಯಬೇಕು, ವಾದಕರೂ ತಮ್ಮ ಮಾತು ಹೇಳಬೇಕು.

1928ರ ಜೂನ್ 28ರಂದು ಷಿಕಾಗೊದಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ 'ವೆಸ್ಟ್ ಎಂಡ್ ಬ್ಲೂಸ್' ಮುದ್ರಿಸಿದರು. ರಚನೆ ಅವರದಲ್ಲ, ಅವರ ಗುರುಸಮಾನರಾದ ಜೋ 'ಕಿಂಗ್' ಆಲಿವರ್ ಅವರದು. ಆರಂಭದಲ್ಲಿ ಆರ್ಮ್‌ಸ್ಟ್ರಾಂಗ್ ಒಬ್ಬರೇ, ಜೊತೆಗೆ ಯಾವ ವಾದ್ಯವೂ ಇಲ್ಲದೆ, ಹತ್ತು ಹನ್ನೆರಡು ಸೆಕೆಂಡು ಟ್ರಂಪೆಟ್ ನುಡಿಸುತ್ತಾರೆ. ಆಲಾಪನೆಯಂತೆ ಬಿಡುಬೀಸಾಗಿ ಹೊರಟು ಒಮ್ಮೆಲೇ ಲಯಕ್ಕೆ ಇಳಿಯುವ ಆ ಪೀಠಿಕೆ ಇಂದಿಗೂ ಟ್ರಂಪೆಟ್ ಕಲಿಯುವವರ ಪಾಠ. ಆಲಿವರ್ ಬರೆದ ಮಟ್ಟು ನೆನಪಿರುವವರು ಕಡಿಮೆ.

ಕೋಲ್ಮನ್ ಹಾಕಿನ್ಸ್ 1939ರ ಅಕ್ಟೋಬರ್ 11ರಂದು ನ್ಯೂಯಾರ್ಕಿನಲ್ಲಿ 'ಬಾಡಿ ಅಂಡ್ ಸೋಲ್' ನುಡಿಸಿದ್ದು ಇನ್ನೂ ವಿಚಿತ್ರ. ಜನಪ್ರಿಯ ಪ್ರೇಮಗೀತೆ, ಅದರ ಮಟ್ಟನ್ನು ಮೊದಲ ಕೆಲವು ಬಾರ್‌ಗಳಲ್ಲಿ ಸೂಚಿಸಿದಂತೆ ಮಾಡಿ ಆಮೇಲೆ ಅದರ ಹತ್ತಿರವೂ ಸುಳಿಯುವುದಿಲ್ಲ. ಉಳಿದದ್ದೆಲ್ಲ ಆ ಸ್ವರಸಂಗತಿಯ ಆಧಾರದ ಮೇಲೆ ಅಲ್ಲೇ ಕಟ್ಟಿದ್ದು. ಮಟ್ಟೇ ಇಲ್ಲದ ಈ ತಟ್ಟೆ ಜೂಕ್‌ಬಾಕ್ಸ್‌ಗಳಲ್ಲಿ ಓಡಿತು, ಜನ ಸೋಲೋವನ್ನೇ ಹಾಡಿನಂತೆ ಬಾಯಿಪಾಠ ಮಾಡಿದರು.

## ಆರ್ಗನ್ ಬಾರದ ಆರ್ಗನ್ ವಾದಕ

ಆಲ್ ಕೂಪರ್‌ಗೆ ಆಗ 21 ವರ್ಷ, ಕೈಯಲ್ಲಿ ಗಿಟಾರ್. 1965ರ ಜೂನ್ 16ರಂದು ನ್ಯೂಯಾರ್ಕಿನ ಕೊಲಂಬಿಯಾ ಸ್ಟುಡಿಯೋದಲ್ಲಿ ಬಾಬ್ ಡಿಲನ್ ಅವರ 'ಲೈಕ್ ಎ ರೋಲಿಂಗ್ ಸ್ಟೋನ್' ಮುದ್ರಣ. ನಿರ್ಮಾಪಕ ಟಾಮ್ ವಿಲ್ಸನ್, ಕೂಪರ್ ಅವರನ್ನು ಕರೆದದ್ದು ಸುಮ್ಮನೆ ನೋಡಲು. ನುಡಿಸುವ ಆಸೆಯಿಂದ ಕೂಪರ್ ಮುಂಚೆಯೇ ಹೋಗಿ ಗಿಟಾರ್ ಹಿಡಿದು ಕೂತರು. ಅಷ್ಟರಲ್ಲಿ ಮೈಕ್ ಬ್ಲೂಮ್‌ಫೀಲ್ಡ್ ಬಂದು ತಮ್ಮ ಗಿಟಾರ್ ಶ್ರುತಿ ಮಾಡಿಕೊಳ್ಳತೊಡಗಿದ್ದನ್ನು ಕೇಳಿದವರೇ ತಮ್ಮದನ್ನು ಪೆಟ್ಟಿಗೆಗೆ ಸೇರಿಸಿದರು.

ಆರ್ಗನ್ ನುಡಿಸುತ್ತಿದ್ದ ಪಾಲ್ ಗ್ರಿಫಿನ್ ಅವರನ್ನು ಪಿಯಾನೊಗೆ ಕಳಿಸಿದಾಗ ಹ್ಯಾಮಂಡ್ ಆರ್ಗನ್ ಖಾಲಿಯಾಯಿತು. ಕೂಪರ್ ಹೋಗಿ ಕೂತರು. ಮುಂದಿನ ಸ್ವರಮೇಳ ಯಾವುದೆಂದು ಉಳಿದವರು ನುಡಿಸುವುದನ್ನು ಕೇಳಿ, ಖಾತ್ರಿ ಮಾಡಿಕೊಂಡು, ಒಂದು ಕೂದಲೆಳೆ ತಡವಾಗಿ ಬೆರಳಿಡುತ್ತ ಹೋದರು. ಮುದ್ರಣ ಕೇಳಿಸಿದಾಗ ಆರ್ಗನ್ನಿನ ದನಿ ಏರಿಸಿ ಎಂದರು ಡಿಲನ್. ಆತ ಆರ್ಗನ್ ವಾದಕನೇ ಅಲ್ಲ ಎಂದು ವಿಲ್ಸನ್ ಹೇಳಿದರೂ ಪಟ್ಟು ಬಿಡಲಿಲ್ಲ. ಆರು ನಿಮಿಷ ಮೀರಿದ ಆ ಹಾಡಿಗೆ ಹಿಂದಿನಿಂದ ಎಳೆದು ಹಿಡಿದಂಥ ಒಂದು ಗುಣ ಇದೆಯಲ್ಲ, ಅದು ಬಂದದ್ದು ಆ ತಡದಿಂದಲೇ. ಪಳಗಿದ ವಾದಕರಾಗಿದ್ದರೆ ಸರಿಯಾದ ಹೊತ್ತಿಗೆ ನುಡಿಸಿ ಹಾಡನ್ನು ಕೆಡಿಸುತ್ತಿದ್ದರೋ ಏನೋ. ಆಮೇಲೆ ಕೂಪರ್ ಆರ್ಗನ್ ವಾದಕರೆಂದೇ ಬೇಡಿಕೆ ಪಡೆದರು.

## ಮಾತಿಲ್ಲದ ಹಾಡು

ಲಂಡನ್ನಿನ ಅಬೇ ರೋಡ್ ಸ್ಟುಡಿಯೋ, 1973ರ ಜನವರಿ 21, ಭಾನುವಾರ. ಪಿಂಕ್ ಫ್ಲಾಯ್ಡ್ ತಂಡದ 'ದ ಡಾರ್ಕ್ ಸೈಡ್ ಆಫ್ ದ ಮೂನ್' ಆಲ್ಬಮ್ ಮುಗಿಯುವ ಹಂತದಲ್ಲಿತ್ತು. ರಿಚರ್ಡ್ ರೈಟ್ ಪಿಯಾನೊಗೆಂದು ಕಟ್ಟಿದ್ದ ಒಂದು ಸ್ವರಮೇಳಗಳ ಸರಣಿ ಮಾತ್ರ ಅರೆಬರೆಯಾಗಿ ಉಳಿದಿತ್ತು. ವಸ್ತು ಸಾವು. ಹಿಂದಿನ ವರ್ಷದ ಕಾರ್ಯಕ್ರಮಗಳಲ್ಲಿ ಅದರ ಮೇಲೆ ಬೈಬಲ್ ವಾಚನದ ಧ್ವನಿ ಹಾಯಿಸಿ ನೋಡಿದ್ದರು, ಹೊಂದಿರಲಿಲ್ಲ. ಒಬ್ಬ ಹೆಂಗಸಿನ ದನಿ ಇದ್ದರೆ ಹೇಗೆ ಎಂಬ ಯೋಚನೆ ಬಂದಾಗ ಸೌಂಡ್ ಎಂಜಿನಿಯರ್ ಆಲನ್ ಪಾರ್ಸನ್ಸ್ ಹೆಸರಿಸಿದ್ದು 25 ವರ್ಷದ ಕ್ಲೇರ್ ಟೋರಿ ಅವರನ್ನು. ಬೇರೆಯವರ ಜನಪ್ರಿಯ ಹಾಡುಗಳನ್ನು ಅಗ್ಗದ ಆಲ್ಬಮ್‌ಗಳಿಗೆ ಮರುಹಾಡಿ ಜೀವನ ಮಾಡುತ್ತಿದ್ದ ಸ್ಟುಡಿಯೋ ಗಾಯಕಿ ಅವರು. ಪಿಂಕ್ ಫ್ಲಾಯ್ಡ್ ಬಗ್ಗೆ ದೊಡ್ಡ ಅಭಿಮಾನವೇನೂ ಇರಲಿಲ್ಲ.

ತಂಡದವರಿಗೆ ಏನು ಬೇಕೆಂದು ಹೇಳಲು ಬರಲಿಲ್ಲ, ಏನು ಬೇಡ ಎಂಬುದಷ್ಟೇ ಗೊತ್ತಿತ್ತು. ಮಾತು ಬೇಡ. ಟೋರಿ ಮೊದಲು ಪಾಪ್ ಹಾಡುಗಳ ರೂಢಿಯಂತೆ 'ಬೇಬಿ' ಗೀಬಿ ಎಂದು ಶುರುಮಾಡಿದಾಗ ಅದೂ ಬೇಡ ಎಂದರು. ಹಾಗಾದರೆ ತಾನೂ ಒಂದು ವಾದ್ಯ ಎಂದುಕೊಂಡು ಹಾಡುವುದೇ ಸರಿ ಎಂದು ಅವರಿಗೆ ತೋಚಿತು. ಎರಡೂವರೆ ಟೇಕ್. ಮೂರನೆಯದರ ನಡುವೆ ತಾವೇ ನಿಲ್ಲಿಸಿಬಿಟ್ಟರು, ಇನ್ನು ಮುಂದೆ ಹಾಡಿದರೆ ನಟನೆಯಾಗುತ್ತದೆ ಎನ್ನಿಸಿ. ಒಳಗಿದ್ದವರು ಅಂಥ ಮೆಚ್ಚುಗೆಯನ್ನೇನೂ ತೋರಲಿಲ್ಲ. ತಮ್ಮ ಹಾಡು ಬಳಕೆಯಾಗುವುದಿಲ್ಲ ಎಂದೇ ನಂಬಿ ಟೋರಿ ಮನೆಗೆ ಹೋದರು. ಭಾನುವಾರವಾದ್ದರಿಂದ ದುಪ್ಪಟ್ಟು ಕೂಲಿ, 30 ಪೌಂಡ್. ಆಲ್ಬಮ್ ಅಂಗಡಿಗೆ ಬಂದಮೇಲೆ ಅದರ ಮೇಲೆ ತಮ್ಮ ಹೆಸರು ಕಂಡಾಗಲೇ ಅವರಿಗೆ ವಿಷಯ ತಿಳಿದದ್ದು.

'ದ ಗ್ರೇಟ್ ಗಿಗ್ ಇನ್ ದ ಸ್ಕೈ' ಎಂಬ ಆ ಹಾಡಿನಲ್ಲಿ ಟೋರಿ ಆಕ್ರೋಶದಿಂದ ಆರಂಭಿಸಿ, ಬೇಡಿ, ದಣಿದು, ಕೊನೆಗೆ ಪಿಸುದನಿಗೆ ಇಳಿಯುತ್ತಾರೆ. ಒಂದೂ ಪದವಿಲ್ಲದೆ ಸಾವಿನ ಭಯದಿಂದ ಶರಣಾಗತಿಯವರೆಗಿನ ಹಾದಿ ಕೇಳುಗರಿಗೆ ಸ್ಪಷ್ಟವಾಗುತ್ತದೆ. ರೈಟ್ ಕಟ್ಟಿದ ಸ್ವರಮೇಳ ಚೆಲುವಾದದ್ದೇ. ಆದರೆ ಅದರ ಮೇಲಿನ ಮಟ್ಟು ಯಾರದು? 2004ರಲ್ಲಿ ಟೋರಿ ಇದೇ ಪ್ರಶ್ನೆ ಹಿಡಿದು ತಂಡದ ಮೇಲೂ ಇಎಂಐ ಕಂಪನಿಯ ಮೇಲೂ ಲಂಡನ್ನಿನ ಹೈಕೋರ್ಟಿಗೆ ಹೋದರು. 2005ರಲ್ಲಿ ರಾಜಿಯಾಯಿತು, ಹಣದ ವಿವರ ಹೊರಬರಲಿಲ್ಲ. ಅಲ್ಲಿಂದ ಮುಂದಿನ ಮುದ್ರಣಗಳಲ್ಲಿ ಸಂಗೀತ ರಚನೆಗೆ ರೈಟ್ ಮತ್ತು ಟೋರಿ ಎಂಬ ಎರಡು ಹೆಸರುಗಳಿವೆ.

ಟೋರಿ ಹಾಡುವುದಕ್ಕೂ ನಾಲ್ಕು ವರ್ಷ ಹಿಂದೆ, 1969ರಲ್ಲಿ, ಲಾಸ್ ಏಂಜಲಿಸ್‌ನಲ್ಲಿ ಹೆಚ್ಚುಕಡಿಮೆ ಇಂಥದೇ ಕರೆ ಮೆರಿ ಕ್ಲೇಟನ್ ಅವರಿಗೆ ಬಂದಿತ್ತು. ನಡುರಾತ್ರಿ, ತಲೆಗೆ ಕರ್ಲರ್ ಸುತ್ತಿ ಮಲಗಿದ್ದ ಬಸುರಿ. ರೋಲಿಂಗ್ ಸ್ಟೋನ್ಸ್ ತಂಡದ 'ಗಿಮ್ಮಿ ಶೆಲ್ಟರ್' ಹಾಡಿಗೆ ಹೆಣ್ಣುದನಿ ಬೇಕಾಗಿತ್ತು. ಕ್ಲೇಟನ್ ಹೋಗಿ ಕೆಲವೇ ಟೇಕ್‌ಗಳಲ್ಲಿ ಹಾಡಿ ಮುಗಿಸಿದರು. ತಾರಕದಲ್ಲಿ ಅವರ ದನಿ ಒಡೆಯುವುದು ಮುದ್ರಣದಲ್ಲಿ ಹಾಗೇ ಉಳಿದಿದೆ. ಅದನ್ನು ಕೇಳಿ ಬೆರಗಾಗಿ ಮಿಕ್ ಜ್ಯಾಗರ್ ಕೂಗಿದ್ದೂ ಹಿಂದೆ ಸಣ್ಣಗೆ ಕೇಳುತ್ತದೆ. ಕೆಲಸಕ್ಕೆ ಬಾರದ್ದೆಂದು ಯಾರಾದರೂ ಅಳಿಸಿಬಿಡಬಹುದಾಗಿದ್ದ ಆ ಬಿರುಕೇ ಹಾಡಿನ ಜೀವ. ಸ್ವಲ್ಪ ದಿನಗಳಲ್ಲೇ ಅವರಿಗೆ ಗರ್ಭಪಾತವಾಯಿತು. ಆ ಹಾಡನ್ನು ಬಹುಕಾಲ ಕೇಳಲಾಗುತ್ತಿರಲಿಲ್ಲ ಎಂದು ಅವರು ಹೇಳಿಕೊಂಡಿದ್ದಾರೆ. ಆಲ್ಬಮ್ಮಿನ ಹೊದಿಕೆಯಲ್ಲಿ ಅವರ ಹೆಸರು 'ಮೇರಿ' ಎಂದು ತಪ್ಪಾಗಿ ಅಚ್ಚಾಗಿತ್ತು. ಇವರಂಥ ಹಿನ್ನೆಲೆ ದನಿಗಳ ಬಗ್ಗೆಯೇ ಮಾಡಿದ '20 ಫೀಟ್ ಫ್ರಮ್ ಸ್ಟಾರ್‌ಡಮ್' ಸಾಕ್ಷ್ಯಚಿತ್ರಕ್ಕೆ 2014ರಲ್ಲಿ ಆಸ್ಕರ್ ಬಂತು.

## ತಳದ ದನಿ

ಸ್ಯಾಕ್ಸೊಫೋನ್, ಕಂಠ ಇವೆಲ್ಲ ಮುಂದೆ ಬಂದು ಕೇಳುವ ದನಿಗಳು. ಬಾಸ್ ಗಿಟಾರ್ ಹಾಗಲ್ಲ. ಇದ್ದಾಗ ಗೊತ್ತಾಗುವುದಿಲ್ಲ, ನಿಲ್ಲಿಸಿದರೆ ನೆಲ ಕುಸಿಯುತ್ತದೆ. ಆ ಜಾಗದಿಂದಲೇ ಜೇಮ್ಸ್ ಜೇಮರ್ಸನ್ ಹಾಡುಗಳ ಚಹರೆ ಬದಲಿಸಿದರು.

ಡೆಟ್ರಾಯಿಟ್ ನಗರದ ಮೋಟೌನ್ ಕಂಪನಿ 1960ರ ದಶಕದಲ್ಲಿ ಒಂದರ ಹಿಂದೊಂದು ಜನಪ್ರಿಯ ಹಾಡು ಹೊರತರುತ್ತಿದ್ದಾಗ, ಹೆಚ್ಚುಕಡಿಮೆ ಎಲ್ಲದರ ಹಿಂದೆಯೂ ಇದ್ದದ್ದು ಒಂದೇ ವಾದಕರ ಗುಂಪು. ತಮ್ಮನ್ನು ಫಂಕ್ ಬ್ರದರ್ಸ್ ಎಂದು ಕರೆದುಕೊಳ್ಳುತ್ತಿದ್ದರು. ತಟ್ಟೆಗಳ ಮೇಲೆ ಅವರ ಹೆಸರು ಇರುತ್ತಿರಲಿಲ್ಲ. ಜೇಮರ್ಸನ್ ಬಲಗೈಯ ತೋರುಬೆರಳೊಂದರಿಂದಲೇ ತಂತಿ ಮೀಟುತ್ತಿದ್ದರು. ಆ ಬೆರಳಿಗೆ 'ಕೊಕ್ಕೆ' ಎಂದು ಅಡ್ಡಹೆಸರು. ಅವರಿಗೂ ಮುಂಚೆ ಪಾಪ್ ಹಾಡುಗಳಲ್ಲಿ ಬಾಸ್ ಎಂದರೆ ಬಾರ್‌ಗೆ ಒಂದೆರಡು ಆಧಾರಸ್ವರ. ಜೇಮರ್ಸನ್ ಎದುರುತಟ್ಟುಗಳಲ್ಲಿ ನಡೆಯುವ, ಪಕ್ಕದ ಸ್ವರಗಳನ್ನು ಸವರಿ ಬರುವ, ಗಾಯಕರ ಮಟ್ಟಿಗೆ ಉತ್ತರ ಕೊಡುವ ಇನ್ನೊಂದು ಮಟ್ಟನ್ನೇ ಕೆಳಗಡೆ ಹಾಕತೊಡಗಿದರು.

1971ರ ಮಾರ್ವಿನ್ ಗೇ ಆಲ್ಬಮ್ 'ವಾಟ್ಸ್ ಗೋಯಿಂಗ್ ಆನ್' ಇದರ ಶಿಖರ. ಶೀರ್ಷಿಕೆ ಹಾಡಿನ ಮುದ್ರಣಕ್ಕೆ ಅವರನ್ನು ಬಾರೊಂದರಿಂದ ಹುಡುಕಿ ತಂದರೆಂದೂ, ಕೂರಲಾರದಷ್ಟು ಕುಡಿದಿದ್ದ ಅವರು ನೆಲದ ಮೇಲೆ ಅಂಗಾತ ಮಲಗಿಯೇ ನುಡಿಸಿದರೆಂದೂ ಕಥೆಯಿದೆ. ಕುಡಿತದ ಕಥೆಗಳನ್ನು ಸಂಗೀತದವರ ಬಾಯಲ್ಲಿ ಕೇಳುವಾಗ ಅರ್ಧ ಕಳೆದುಕೊಂಡೇ ನಂಬಬೇಕು. ಬಾಸ್ ಮಾತ್ರ ಸಾಕ್ಷಿಗೆ ಇದೆ: ಹಾಡಿನ ಮೃದುತನಕ್ಕೆ ಧಕ್ಕೆ ಬಾರದಂತೆ ಅಷ್ಟು ಚಲನೆಯನ್ನು ಅದರೊಳಗೆ ಹುದುಗಿಸಿದ್ದು ಸಾಮಾನ್ಯದ ಕೆಲಸವಲ್ಲ. ಮೋಟೌನ್ ತನ್ನ ಆಲ್ಬಮ್ ಹೊದಿಕೆಯ ಮೇಲೆ ವಾದಕರ ಹೆಸರು ಹಾಕಿದ್ದು ಇದೇ ಮೊದಲು. 1972ರಲ್ಲಿ ಕಂಪನಿ ಲಾಸ್ ಏಂಜಲಿಸ್‌ಗೆ ಹೋಯಿತು. ಜೇಮರ್ಸನ್ 1983ರಲ್ಲಿ, 47ನೆಯ ವಯಸ್ಸಿನಲ್ಲಿ ತೀರಿಕೊಂಡರು. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಪಕ್ಕವಾದ್ಯದವರಿಗೆಂದೇ ಒಂದು ವಿಭಾಗ ತೆರೆದದ್ದು 2000ದಲ್ಲಿ. ಆ ಮೊದಲ ಐವರಲ್ಲಿ ಜೇಮರ್ಸನ್ ಒಬ್ಬರು.

## ಏಳು ಸೆಕೆಂಡಿನ ಡ್ರಮ್ಸ್

1969ರಲ್ಲಿ ವಾಷಿಂಗ್ಟನ್ನಿನ 'ದ ವಿನ್‌ಸ್ಟನ್ಸ್' ಎಂಬ ಸೋಲ್ ತಂಡಕ್ಕೆ ತಟ್ಟೆಯ ಹಿಂಬದಿಗೆ ಒಂದು ಹಾಡು ಬೇಕಿತ್ತು. ಚರ್ಚಿನ ಹಳೆಯ ಮಟ್ಟೊಂದನ್ನು ಇಟ್ಟುಕೊಂಡು ಅವಸರದಲ್ಲಿ 'ಆಮೆನ್, ಬ್ರದರ್' ಎಂಬ ವಾದ್ಯಸಂಗೀತ ಸಿದ್ಧಪಡಿಸಿದರು. ಉದ್ದ ಸಾಲದೆಂದು ನಡುವೆ ಡ್ರಮ್ಮರ್ ಗ್ರೆಗರಿ ಕೋಲ್ಮನ್ ಅವರಿಗೆ ನಾಲ್ಕು ಬಾರ್ ಬಿಟ್ಟುಕೊಟ್ಟರು. ಮೊದಲೆರಡು ಬಾರ್ ಒಂದೇ ಬಗೆ. ಮೂರನೆಯದರಲ್ಲಿ ಸ್ನೇರ್ ಡ್ರಮ್ಮಿನ ಪೆಟ್ಟು ತಡವಾಗಿ ಬೀಳುತ್ತದೆ. ನಾಲ್ಕನೆಯದರ ಮೊದಲ ಪೆಟ್ಟು ಖಾಲಿ, ಕೊನೆಯಲ್ಲಿ ಸಿಂಬಲ್ ನಿರೀಕ್ಷೆಗಿಂತ ಮುಂಚೆಯೇ ಸಿಡಿಯುತ್ತದೆ. ಅಷ್ಟೇ, ಏಳು ಸೆಕೆಂಡು.

ತಟ್ಟೆಯ ಮುಂಬದಿಯ ಹಾಡಿಗೆ ಗ್ರ್ಯಾಮಿ ಪ್ರಶಸ್ತಿ ಬಂತು, ಹಿಂಬದಿಯನ್ನು ಎಲ್ಲರೂ ಮರೆತರು. 1980ರ ದಶಕದಲ್ಲಿ ಸ್ಯಾಂಪ್ಲರ್ ಯಂತ್ರ ಬಂದಾಗ, ಹಳೆಯ ತಟ್ಟೆಗಳಿಂದ ಡ್ರಮ್ಸ್ ತುಣುಕು ಕತ್ತರಿಸಿ ಸುತ್ತಿಸುವುದು ಹಿಪ್‌ಹಾಪ್‌ನವರ ರೂಢಿಯಾಯಿತು. ಆಗ ಇದು ಮತ್ತೆ ಮೇಲೆದ್ದಿತು. 1990ರ ದಶಕದ ಬ್ರಿಟನ್ನಿನಲ್ಲಿ ಇದೇ ತುಣುಕನ್ನು ವೇಗ ಹೆಚ್ಚಿಸಿ, ಚೂರು ಮಾಡಿ, ಹಿಂದುಮುಂದಾಗಿ ಜೋಡಿಸಿ ಜಂಗಲ್, ಡ್ರಮ್ ಅಂಡ್ ಬಾಸ್ ಎಂಬ ಪ್ರಕಾರಗಳೇ ಬೆಳೆದವು. 'ಆಮೆನ್ ಬ್ರೇಕ್' ಬಳಸಿದ ಹಾಡುಗಳ ಎಣಿಕೆ ಸಾವಿರಗಳಲ್ಲಿದೆ. ಅದು ಚೂರುಗಳಿಗೆ ಇಷ್ಟು ಚೆನ್ನಾಗಿ ಒಗ್ಗಿದ್ದಕ್ಕೆ ಕಾರಣ ಆ ಖಾಲಿ ಪೆಟ್ಟು, ಆ ತಡವಾದ ಪೆಟ್ಟು. ಎಲ್ಲಿ ಕತ್ತರಿಸಿದರೂ ಮುಂದಕ್ಕೆ ತಳ್ಳುವ ಗುಣ ಉಳಿದುಕೊಳ್ಳುತ್ತದೆ.

ತಂಡದ ಮುಖ್ಯಸ್ಥ ರಿಚರ್ಡ್ ಸ್ಪೆನ್ಸರ್ ಅವರಿಗೆ ಈ ಬಳಕೆಯ ಸುದ್ದಿ ತಿಳಿದದ್ದು 1996ರಲ್ಲಿ. ದಾವೆ ಹೂಡುವ ಅವಧಿ ಅಷ್ಟರಲ್ಲಿ ಕಳೆದಿತ್ತು. 2015ರಲ್ಲಿ ಬ್ರಿಟನ್ನಿನ ಸಂಗೀತಪ್ರಿಯರು ಚಂದಾ ಎತ್ತಿ ಅವರಿಗೆ ಸುಮಾರು 24,000 ಪೌಂಡ್ ಕೊಟ್ಟರು. ಡ್ರಮ್ಸ್ ನುಡಿಸಿದ ಕೋಲ್ಮನ್ 2006ರಲ್ಲೇ ಅಟ್ಲಾಂಟಾದಲ್ಲಿ ಸೂರಿಲ್ಲದೆ ಸತ್ತಿದ್ದರು. ಒಂದು ಪೈಸೆಯೂ ಅವರಿಗೆ ಬರಲಿಲ್ಲ.

## ಮದರಾಸು, ಮುಂಬೈ ಸ್ಟುಡಿಯೋಗಳಲ್ಲಿ

ನಮ್ಮ ಸಿನಿಮಾ ಸಂಗೀತ ನಿಂತಿದ್ದೇ ಹೆಸರಿಲ್ಲದ ವಾದಕರ ಮೇಲೆ. ಕನ್ನಡ ಹಾಡುಗಳ ಮುದ್ರಣ ಬಹುಕಾಲ ನಡೆದದ್ದು ಮದರಾಸಿನಲ್ಲಿ, ತಮಿಳು, ತೆಲುಗು, ಮಲಯಾಳಂ ಹಾಡುಗಳಿಗೂ ನುಡಿಸುತ್ತಿದ್ದ ಅದೇ ವಾದಕರಿಂದ. ಜಿ.ಕೆ. ವೆಂಕಟೇಶ್ ಅವರ ತಂಡದಲ್ಲಿ ಸಹಾಯಕರಾಗಿ ಗಿಟಾರ್ ನುಡಿಸುತ್ತಿದ್ದವರು ಮುಂದೆ ಇಳಯರಾಜಾ ಎಂದು ಲೋಕಕ್ಕೆ ಗೊತ್ತಾದರು. ಮುಂಬೈಯಲ್ಲಿ 'ಗೈಡ್' (1965) ಚಿತ್ರದ ಒಂದು ಹಾಡಿಗೆ ತಬಲಾ ನುಡಿಸಿದವರು ಸಂತೂರಿನ ಶಿವಕುಮಾರ ಶರ್ಮಾ ಎಂದರೆ ಈಗಲೂ ಕೆಲವರು ಹುಬ್ಬೇರಿಸುತ್ತಾರೆ.

ಇದಕ್ಕೆ ತಲೆಕೆಳಗಾದ ಉದಾಹರಣೆ ಕನ್ನಡದ 'ಸನಾದಿ ಅಪ್ಪಣ್ಣ' (1977). ನಾಯಕನೇ ಶಹನಾಯಿ ವಾದಕನಾದ ಈ ಚಿತ್ರಕ್ಕೆ ಜಿ.ಕೆ. ವೆಂಕಟೇಶ್ ಕರೆಸಿದ್ದು ಉಸ್ತಾದ್ ಬಿಸ್ಮಿಲ್ಲಾ ಖಾನ್ ಅವರನ್ನೇ. ಅದಕ್ಕೂ 18 ವರ್ಷ ಹಿಂದೆ ಹಿಂದಿಯ 'ಗೂಂಜ್ ಉಠೀ ಶಹನಾಯಿ'ಗೆ ನುಡಿಸಿದ್ದ ಉಸ್ತಾದರು ಸಿನಿಮಾದ ಕಡೆ ಸುಲಭಕ್ಕೆ ತಲೆಹಾಕುವವರಲ್ಲ. ಇಲ್ಲಿ ಹಾಡಿನ ನಡುವೆ ಶಹನಾಯಿಗೆ ಬಿಟ್ ಕೊಟ್ಟಿಲ್ಲ, ಶಹನಾಯಿಯ ಸುತ್ತ ಹಾಡು ಕಟ್ಟಿದ್ದಾರೆ. 'ಕರೆದರೂ ಕೇಳದೆ' ಹಾಡಿನಲ್ಲಿ ಎಸ್. ಜಾನಕಿ ಅವರ ಕಂಠ ಮತ್ತು ಶಹನಾಯಿ ಒಂದರ ಬೆನ್ನಿಗೊಂದು ಹೋಗುವಾಗ ಯಾರು ಯಾರಿಗೆ ಪಕ್ಕವಾದ್ಯ ಎಂದು ಹೇಳುವುದು ಕಷ್ಟ. ಪರದೆಯ ಮೇಲೆ ರಾಜಕುಮಾರ್ ಉಸಿರು, ಬೆರಳು, ಕೆನ್ನೆಗಳನ್ನು ಆ ನಾದಕ್ಕೆ ಹೊಂದಿಸಿದ್ದು ಮತ್ತೊಂದು ಪ್ರದರ್ಶನ. ಅದಕ್ಕೆ ಬೇರೆಯದೇ ಲೇಖನ ಬೇಕು.

ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥ್ (1949–2019) ಅವರ ಪಾತ್ರ ಇನ್ನೊಂದು ಬಗೆಯದು. ನಾಗಸ್ವರ ವಾದಕರ ಮನೆಯ ಹುಡುಗ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾಗಿ, ಗಮಕಕ್ಕೆ ಒಗ್ಗದ ಆ ವಾದ್ಯವನ್ನು ವರ್ಷಗಟ್ಟಲೆ ಪಳಗಿಸಿಕೊಂಡರು. 1994ರಲ್ಲಿ ಕೆ. ಬಾಲಚಂದರ್ ಅವರ ತಮಿಳು ಚಿತ್ರ 'ಡ್ಯುಯೆಟ್'ಗೆ ಎ.ಆರ್. ರೆಹಮಾನ್ ಕದ್ರಿಯವರನ್ನು ಕರೆಸಿದರು. ರಾಗದ ಮೇಲೆ ರಾಗ ನುಡಿಸಿದರೂ ರೆಹಮಾನ್ ಮುಖ ಅರಳಲಿಲ್ಲವೆಂದೂ, ಕೊನೆಗೆ ಕಲ್ಯಾಣವಸಂತ ನುಡಿಸಿದಾಗ ಇದೇ ಬೇಕು ಎಂದರೆಂದೂ ಕದ್ರಿ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಪರದೆಯ ಮೇಲೆ ನುಡಿಸಿದ್ದು ನಟ ಪ್ರಭು. ಆದರೆ ಆ ಚಿತ್ರದ ಸ್ಯಾಕ್ಸೊಫೋನ್ ಯಾರದೆಂದು ಕೇಳಿದರೆ ತಮಿಳುನಾಡಿನ ಹಳ್ಳಿಯಲ್ಲೂ ಕದ್ರಿ ಎಂಬ ಉತ್ತರ ಸಿಗುವಂತಾಯಿತು. ಸಿನಿಮಾ ವಾದಕರಲ್ಲಿ ಇದು ಅಪರೂಪದ ಭಾಗ್ಯ.

ಹೆಚ್ಚಿನವರ ಗತಿ 'ನಾಗಿನ್' (1954) ಚಿತ್ರದ ಪುಂಗಿಯದು. ಹೇಮಂತ್ ಕುಮಾರ್ ಸಂಗೀತದ ಆ ಚಿತ್ರದ ಪುಂಗಿ ನಾದ ಇಂದಿಗೂ ಮದುವೆ ದಿಬ್ಬಣದ ಬ್ಯಾಂಡಿನವರ ಬಾಯಲ್ಲಿದೆ. ಅದು ಪುಂಗಿಯೇ ಅಲ್ಲ, ಕ್ಲೇವಿಯೊಲಿನ್ ಎಂಬ ವಿದ್ಯುತ್ ಕೀಬೋರ್ಡು, ನುಡಿಸಿದವರು ಕಲ್ಯಾಣ್‌ಜಿ. ಮುಂದೆ ಸಂಗೀತ ನಿರ್ದೇಶಕರಾಗಿ ಹೆಸರು ಮಾಡದಿದ್ದರೆ ಈ ಸಂಗತಿ ಎಷ್ಟು ಜನರಿಗೆ ತಿಳಿಯುತ್ತಿತ್ತು?

## ಹೆಸರು, ಕೂಲಿ, ಕಾನೂನು

ಹಕ್ಕುಸ್ವಾಮ್ಯದ ಕಾನೂನುಗಳು ಹುಟ್ಟಿದ್ದು ಬರೆದಿಡುವ ಸಂಗೀತದ ಕಾಲದಲ್ಲಿ. ಮಟ್ಟು ಮತ್ತು ಸಾಹಿತ್ಯಕ್ಕೆ ಒಡೆಯರುಂಟು, ಧ್ವನಿಮುದ್ರಣಕ್ಕೆ ಹಣ ಹಾಕಿದ ಕಂಪನಿಯೂ ಒಡೆಯ. ನಡುವೆ ನುಡಿಸಿದವರಿಗೆ ದಿನಗೂಲಿ. ಟೋರಿಗೆ ರಾಜಿಯಲ್ಲಿ ಹೆಸರು ಸಿಕ್ಕಿದ್ದೂ ತಾವು ಹಾಡಿದ್ದು ಗಾಯನವಷ್ಟೇ ಅಲ್ಲ, ರಚನೆಯೂ ಹೌದು ಎಂದು ವಾದಿಸಿದ್ದರಿಂದ. ನಾಲ್ಕು ಬಾರ್ ಡ್ರಮ್ಸ್ ನುಡಿಸಿದವರಿಗೆ ಅಂಥ ವಾದ ಹೂಡುವುದು ಕಷ್ಟ. ಅಮೆರಿಕದಲ್ಲಿ ಎಎಂ, ಎಫ್‌ಎಂ ರೇಡಿಯೋಗಳು ಹಾಡು ಹಾಕಿದಾಗ ರಚನಕಾರರಿಗೆ ಹಣ ಹೋಗುತ್ತದೆ, ಹಾಡಿದವರಿಗೂ ನುಡಿಸಿದವರಿಗೂ ಹೋಗುವುದಿಲ್ಲ.

ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಗೆ ಪ್ರದರ್ಶಕರ ಹಕ್ಕು ಸೇರಿದ್ದು 1994ರ ತಿದ್ದುಪಡಿಯಲ್ಲಿ. ಮೊದಲು 25 ವರ್ಷವಿದ್ದ ಅವಧಿಯನ್ನು 1999ರಲ್ಲಿ 50 ವರ್ಷಕ್ಕೆ ಏರಿಸಿದರು. 2012ರ ತಿದ್ದುಪಡಿ ಪ್ರದರ್ಶನದ ವಾಣಿಜ್ಯ ಬಳಕೆಯಿಂದ ರಾಯಧನ ಪಡೆಯುವ ಹಕ್ಕನ್ನೂ, ಹೆಸರು ಹೇಳಿಸಿಕೊಳ್ಳುವ ನೈತಿಕ ಹಕ್ಕನ್ನೂ ಕೊಟ್ಟಿತು. ಪ್ರದರ್ಶಕ ಎಂದರೆ ಯಾರು ಎಂಬ ಪಟ್ಟಿ ಕಾಯ್ದೆಯಲ್ಲಿ ಉದಾರವಾಗಿದೆ: ನಟ, ಗಾಯಕ, ವಾದಕ, ನರ್ತಕ, ದೊಂಬರಾಟದವ, ಜಾದೂಗಾರ, ಉಪನ್ಯಾಸಕ, ಹಾವಾಡಿಗನೂ ಇದ್ದಾನೆ.

ಅದೇ 2012ರಲ್ಲಿ ಈ ಪಟ್ಟಿಗೊಂದು ಷರತ್ತನ್ನೂ ಅಂಟಿಸಲಾಯಿತು. ಚಲನಚಿತ್ರದಲ್ಲಿ ಯಾರ ಪ್ರದರ್ಶನ ಆಕಸ್ಮಿಕ ಅಥವಾ ಪ್ರಾಸಂಗಿಕ ಸ್ವರೂಪದ್ದೋ, ಉದ್ಯಮದ ರೂಢಿಯಂತೆ ಯಾರ ಹೆಸರು ಶೀರ್ಷಿಕೆಗಳಲ್ಲಿ ಎಲ್ಲೂ ಬರುವುದಿಲ್ಲವೋ, ಅಂಥವರನ್ನು ಪ್ರದರ್ಶಕರೆಂದು ಪರಿಗಣಿಸುವಂತಿಲ್ಲ. ಅವರಿಗೆ ಉಳಿಯುವುದು ತಮ್ಮ ಪ್ರದರ್ಶನವನ್ನು ಹೆಸರಿಗೆ ಕುಂದಾಗುವಂತೆ ವಿರೂಪಗೊಳಿಸಿದರೆ ಆಕ್ಷೇಪಿಸುವ ಹಕ್ಕು ಮಾತ್ರ. ಎರಡು ಚರಣಗಳ ನಡುವಿನ ಹತ್ತು ಸೆಕೆಂಡಿನ ಕೊಳಲು ಪ್ರಾಸಂಗಿಕವೋ ಅಲ್ಲವೋ ಎಂಬುದನ್ನು ಕಾಯ್ದೆ ಹೇಳುವುದಿಲ್ಲ. ಹೆಸರು ಹಾಕುವವರಂತೂ ನಿರ್ಮಾಪಕರೇ.